ರಜೆ ಕೇಳಿದ ಪೈಲಟ್‌ಗೆ ರಾಜೀನಾಮೆಯ ದಾರಿ ತೋರಿಸಬೇಡಿ

ಸಂಪಾದಕರಿಗೆ ನಮಸ್ಕಾರ.

ಸೇನೆಯ ಅರೆಕಾಲಿಕ ಪಡೆಯಾದ ಟೆರಿಟೋರಿಯಲ್ ಆರ್ಮಿಗೆ ಅಧಿಕಾರಿಯಾಗಿ ಸೇರಿ, ಇರುವ ಕೆಲಸ ಬಿಡಬೇಕಿಲ್ಲ, ವರ್ಷದಲ್ಲಿ ಸ್ವಲ್ಪ ದಿನ ಸಮವಸ್ತ್ರ ಹಾಕಿದರೆ ಸಾಕು ಅನ್ನೋ ಪ್ರಕಟಣೆ ಆಗಾಗ ಬರುತ್ತಲೇ ಇರುತ್ತದೆ. ಓದೋಕೆ ಚೆನ್ನಾಗಿದೆ. ಆದರೆ ಈ ‘ಕೆಲಸ ಬಿಡಬೇಕಿಲ್ಲ’ ಅನ್ನೋ ಮಾತನ್ನು ಕೆಲಸ ಕೊಟ್ಟವನ ಕಿವಿಗೆ ಯಾರಾದರೂ ಹಾಕಿದ್ದಾರಾ?

ನಾನು ಸೇನೆಯಿಂದ ಸುಬೇದಾರ್ ಆಗಿ ನಿವೃತ್ತನಾದವನು. ಈಗ ಸಕಲೇಶಪುರದ ಹತ್ತಿರ ಒಂದಿಷ್ಟು ಕಾಫಿ ತೋಟ ನೋಡಿಕೊಂಡಿದ್ದೇನೆ. ನನ್ನ ತಂಗಿಯ ಮಗ ಒಂದು ವಿಮಾನ ಕಂಪನಿಯಲ್ಲಿ ಕೋ-ಪೈಲಟ್. ಕಂಪನಿ ಹೆಸರು ಬೇಡ, ಹುಡುಗನ ಅನ್ನಕ್ಕೆ ಕಲ್ಲು ಹಾಕೋ ಉದ್ದೇಶ ನನಗಿಲ್ಲ. ಅವನಿಗೆ ಚಿಕ್ಕಂದಿನಿಂದ ಸೇನೆಯ ಹುಚ್ಚು, ಅದರಲ್ಲಿ ನನ್ನ ಪಾಲೂ ಇದೆ ಅನ್ನಿ. ಟೆರಿಟೋರಿಯಲ್ ಆರ್ಮಿಯ ಪರೀಕ್ಷೆ ಬರೆಯೋ ಮುಂಚೆ ಒಳ್ಳೆ ಹುಡುಗನ ಹಾಗೆ ಆಫೀಸಿನಲ್ಲಿ ಹೋಗಿ ಕೇಳಿದ್ದಾನೆ. ಸೆಲೆಕ್ಟ್ ಆದರೆ ವರ್ಷಕ್ಕೆ ಎರಡು ತಿಂಗಳ ಕ್ಯಾಂಪ್ ಇರುತ್ತೆ, ರಜೆ ಹೇಗೆ ಅಂತ. ಅಲ್ಲಿದ್ದವರು ನಗುತ್ತಲೇ ಹೇಳಿದರಂತೆ, ‘ಅಷ್ಟು ಆಸೆ ಇದ್ರೆ ರಾಜೀನಾಮೆ ಕೊಟ್ಟು ಹೋಗಿ ಸರ್.’

ಇಲ್ಲಿ ಎರಡು ತಮಾಷೆ ಇದೆ. ಟೆರಿಟೋರಿಯಲ್ ಆರ್ಮಿಗೆ ಅಧಿಕಾರಿಯಾಗಿ ಸೇರಬೇಕು ಅಂದರೆ ನಿಮಗೆ ಬೇರೆ ದುಡಿಮೆ ಇರಲೇಬೇಕು, ಅದು ಷರತ್ತು. ರಾಜೀನಾಮೆ ಕೊಟ್ಟರೆ ಆ ಅರ್ಹತೆಗೇ ಕುತ್ತು. ಇನ್ನು ರಾಜೀನಾಮೆ ಕೊಡೋದಾದರೂ ಸುಲಭವಾ? ವಿಮಾನಯಾನದ ಮೇಲುಸ್ತುವಾರಿ ನೋಡೋ ಡಿಜಿಸಿಎ 2017ರಲ್ಲಿ ಮಾಡಿದ ನಿಯಮದ ಪ್ರಕಾರ ಕೋ-ಪೈಲಟ್ ಆರು ತಿಂಗಳು, ಕ್ಯಾಪ್ಟನ್ ಒಂದು ವರ್ಷ ಮುಂಚೆ ನೋಟಿಸ್ ಕೊಡಬೇಕು. ಪೈಲಟ್ ದಿಢೀರ್ ಅಂತ ಬಿಟ್ಟು ಹೋದರೆ ಪ್ರಯಾಣಿಕರಿಗೆ ತೊಂದರೆ, ಅದಕ್ಕೇ ಈ ನಿಯಮ ಅಂತ ಹೇಳುತ್ತಾರೆ. ಒಪ್ಪೋಣ. ಪೈಲಟ್ ಅಷ್ಟು ಮುಖ್ಯ ಅಂತ ಸರ್ಕಾರಕ್ಕೆ ಗೊತ್ತಿದೆ ಅಂತಾಯ್ತಲ್ಲ, ಹಾಗಾದರೆ ಅದೇ ಪೈಲಟ್ ಸರ್ಕಾರದ್ದೇ ಸೇನೆಗೆ ಹೋಗಬೇಕು ಅಂದಾಗ ಯಾಕೆ ಒಬ್ಬರೂ ತುಟಿ ಬಿಚ್ಚಲ್ಲ?

ಬ್ಯಾಂಕಿನವರು, ಮೇಷ್ಟ್ರು, ವಕೀಲರು ಸೇರಬಹುದು, ಅವರಿಗೂ ಕಷ್ಟ ಇದ್ದದ್ದೇ. ಪೈಲಟ್ ಕಷ್ಟ ಸ್ವಲ್ಪ ಬೇರೆ ಥರ. ಹೋದ ಸಲ ಅಳಿಯ ಊರಿಗೆ ಬಂದಾಗ ಕಾಫಿ ಕಣದ ಪಕ್ಕ ಕೂತು, ಅಲ್ಲಿ ಮಾತ್ರ ನಮಗೆ ಸಿಗ್ನಲ್ ಸಿಗೋದು, ಫೋನಿನಲ್ಲಿ ತನ್ನ ರೋಸ್ಟರ್ (ಡ್ಯೂಟಿ ಪಟ್ಟಿ) ತೆರೆದು ತೋರಿಸಿದ. ಬೆಳಗಿನ ಜಾವ ನಾಲ್ಕಕ್ಕೆ ರಿಪೋರ್ಟಿಂಗ್, ನಾಲ್ಕು ಸಲ ಏರಿ ಇಳಿದು ಯಾವುದೋ ಊರಲ್ಲಿ ರಾತ್ರಿ ಹೋಟೆಲ್, ಮಾರನೇ ದಿನ ಮಧ್ಯಾಹ್ನದಿಂದ ಮತ್ತೆ ಶುರು, ಆಮೇಲೆ ಒಂದು ದಿನ ಬರೀ ಸ್ಟ್ಯಾಂಡ್‌ಬೈ, ಅಂದರೆ ಮನೆಯಲ್ಲೇ ಬಟ್ಟೆ ಇಸ್ತ್ರಿ ಮಾಡಿಟ್ಟುಕೊಂಡು ಫೋನ್ ಬರುತ್ತೋ ಇಲ್ಲವೋ ಅಂತ ಕಾಯೋದು. ನೋಡ್ತಾ ಇದ್ದ ಹಾಗೇ ‘ಟಿಂಗ್’ ಅಂತು, ಎರಡು ದಿನ ಬಿಟ್ಟು ಇದ್ದ ಡ್ಯೂಟಿ ಬದಲಾಗಿತ್ತು. ‘ನೋಡಿ ಮಾವ, ಮುಂದಿನ ತಿಂಗಳು ನಾನು ಎಲ್ಲಿರ್ತೀನಿ ಅಂತ ನನಗೇ ಗೊತ್ತಿಲ್ಲ, ಆ ಕ್ಯಾಂಪಿನೋರಿಗೆ ಯಾವ ತಾರೀಕು ಅಂತ ಹೇಳ್ಲಿ?’ ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕ್ಯಾಂಪಿಗೆ ಹೋದ ಅಂತಲೇ ಇಟ್ಟುಕೊಳ್ಳಿ. ಪೈಲಟ್ ಲೈಸೆನ್ಸ್ ಅನ್ನೋದು ನಮ್ಮ ಡ್ರೈವಿಂಗ್ ಲೈಸೆನ್ಸ್ ಥರ ಪರ್ಸಿನಲ್ಲಿಟ್ಟು ಮರೆಯೋ ವಸ್ತು ಅಲ್ಲ. ಹಿಂದಿನ 90 ದಿನದಲ್ಲಿ ಕನಿಷ್ಠ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಆಗಿರಬೇಕು, ಇಲ್ಲದಿದ್ದರೆ ಪ್ರಯಾಣಿಕರನ್ನು ಕೂರಿಸಿಕೊಂಡು ಹಾರಿಸೋ ಹಾಗಿಲ್ಲ. ವರ್ಷಕ್ಕೆ ಎರಡು ಸಲ ಸಿಮ್ಯುಲೇಟರ್‌ನಲ್ಲಿ, ಅಂದರೆ ನೆಲದ ಮೇಲೇ ಹಾರಾಟದ ಅನುಭವ ಕೊಡೋ ಯಂತ್ರದಲ್ಲಿ, ಪರೀಕ್ಷೆ ಬೇರೆ, ಅದರ ಮೇಲೆ ವೈದ್ಯಕೀಯ ಪರೀಕ್ಷೆ. ಹೊಸದಾಗಿ ಅಧಿಕಾರಿಯಾದವರಿಗೆ ಮೊದಲ ಎರಡು ವರ್ಷದೊಳಗೆ ಡೆಹ್ರಾಡೂನ್‌ನಲ್ಲಿ ಮೂರು ತಿಂಗಳ ತರಬೇತಿಯೂ ಇರುತ್ತದೆ. ಮೂರು ತಿಂಗಳು ಅಂದರೆ ಎಷ್ಟು ದಿನ, ನೀವೇ ಲೆಕ್ಕ ಹಾಕಿ. ವಾಪಸ್ ಬಂದ ಮೇಲೆ ಮತ್ತೆ ಸಿಮ್ಯುಲೇಟರ್ ಹತ್ತಬೇಕು. ಆ ಖರ್ಚು ಯಾರ ತಲೆಗೆ? ಹಾರಾಟದ ಗಂಟೆ ಕಡಿಮೆಯಾದರೆ ಭತ್ಯೆಯೂ ಕಡಿಮೆ, ಗಂಟೆ ಕೂಡಿಬರದೆ ಕ್ಯಾಪ್ಟನ್ ಆಗೋದೂ ತಡ. ನನ್ನ ತಂಗಿ ಮನೆಯವರು ಇವನನ್ನು ಪೈಲಟ್ ಮಾಡೋಕೆ ತೋಟದ ಪತ್ರ ಬ್ಯಾಂಕಿನಲ್ಲಿಟ್ಟಿದ್ದಾರೆ. ಆ ಸಾಲದ ಕಂತಿಗೆ ದೇಶಭಕ್ತಿ ಗೊತ್ತಾಗಲ್ಲ ಅಲ್ವಾ.

ಇದು ಬರೀ ಕ್ಯಾಂಪಿನ ಮಾತಾದರೆ ಹೇಗೋ ಆಗುತ್ತೆ ಅನ್ನಬಹುದಿತ್ತು. 2025ರ ಮೇ ತಿಂಗಳು ನೆನಪಿಸಿಕೊಳ್ಳಿ. ಆಪರೇಷನ್ ಸಿಂಧೂರದ ಹೊತ್ತಿನಲ್ಲಿ ಟೆರಿಟೋರಿಯಲ್ ಆರ್ಮಿಯವರನ್ನು ಕರೆಸಿಕೊಳ್ಳುವ ಅಧಿಕಾರವನ್ನು ಕೇಂದ್ರ ಸರ್ಕಾರ ಭೂಸೇನಾ ಮುಖ್ಯಸ್ಥರಿಗೆ ಕೊಟ್ಟಿತು. 32 ಇನ್‌ಫೆಂಟ್ರಿ ಬೆಟಾಲಿಯನ್‌ಗಳಲ್ಲಿ 14ನ್ನು ಪೂರ್ತಿ ಸೇವೆಗೆ ಇಳಿಸಬಹುದು, ಆದೇಶ 2028ರ ಫೆಬ್ರವರಿವರೆಗೆ ಇರುತ್ತದೆ ಅಂತ ಹೇಳಿತು. ಅದೇ ವಾರ ಉತ್ತರ ಮತ್ತು ಪಶ್ಚಿಮ ಭಾರತದ 32 ವಿಮಾನ ನಿಲ್ದಾಣಗಳನ್ನು ಮುಚ್ಚಿದ್ದರು. ಮುಚ್ಚಿದ್ದು ಕೆಲವೇ ದಿನ, ತೆರೆದ ಮೇಲೆ ನಿಂತ ವಿಮಾನಗಳನ್ನೆಲ್ಲ ಮತ್ತೆ ಸಾಲಿಗೆ ತರಬೇಕು. ಅಂದರೆ ಸೇನೆಗೂ ಕಂಪನಿಗೂ ಒಬ್ಬನೇ ಮನುಷ್ಯ ಒಂದೇ ಹೊತ್ತಿಗೆ ಬೇಕಾಗೋ ಕಾಲ ಬಂದೇ ಬರುತ್ತದೆ. ಆಗ ಯಾರ ಮಾತು ನಡೆಯಬೇಕು ಅಂತ ಈಗಲೇ ಬರೆದಿಡಬೇಕಲ್ಲವಾ?

ಕಾನೂನು ಇಲ್ಲವೇ ಇಲ್ಲ ಅಂತ ನಾನು ಹೇಳ್ತಾ ಇಲ್ಲ. 1948ರ ಟೆರಿಟೋರಿಯಲ್ ಆರ್ಮಿ ಕಾಯ್ದೆಯಲ್ಲಿ, ಸೇವೆಗೆ ಕರೆಸಿಕೊಂಡವರನ್ನು ಮಾಲೀಕರು ವಾಪಸ್ ಕೆಲಸಕ್ಕೆ ತೆಗೆದುಕೊಳ್ಳಬೇಕು ಅಂತ ಇದೆ. ತೆಗೆದುಕೊಳ್ಳದಿದ್ದರೆ ಆರು ತಿಂಗಳ ಸಂಬಳ ಕೊಡಿಸಬಹುದು. ಅದರ ಮೇಲೆ ದಂಡ ಎಷ್ಟು ಗೊತ್ತಾ? ಹೆಚ್ಚೆಂದರೆ ಒಂದು ಸಾವಿರ ರೂಪಾಯಿ. ಈಗ ನಮ್ಮೂರಲ್ಲಿ ಎರಡು ಆಳಿನ ಕೂಲಿ ಕೊಟ್ಟರೆ ಮುಗಿಯಿತು ಆ ಸಾವಿರ. ನೂರಾರು ಕೋಟಿಯ ವಿಮಾನ ಇಟ್ಟುಕೊಂಡವರು ಇದಕ್ಕೆ ಹೆದರುತ್ತಾರಾ?

ಅಮೆರಿಕದಲ್ಲಿ ಹೇಗೆ ಅಂತ ಅಳಿಯ ವಿವರಿಸಿದ. ಅಲ್ಲಿ ದೊಡ್ಡ ದೊಡ್ಡ ವಿಮಾನ ಕಂಪನಿಗಳ ಎಷ್ಟೋ ಪೈಲಟ್‌ಗಳು ಏರ್ ನ್ಯಾಷನಲ್ ಗಾರ್ಡ್, ಏರ್‌ಫೋರ್ಸ್ ರಿಸರ್ವ್ ಅನ್ನೋ ಅರೆಕಾಲಿಕ ವಾಯುಪಡೆಗಳಲ್ಲಿ ಇರುತ್ತಾರಂತೆ. ಲೆಕ್ಕಕ್ಕೆ ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ ಎರಡು ವಾರ, ವಿಮಾನ ಹಾರಿಸುವವರಿಗೆ ಅದಕ್ಕಿಂತ ಜಾಸ್ತಿಯೇ ಆಗುತ್ತದೆ. 1994ರಲ್ಲಿ ಇದಕ್ಕೆಂದೇ ಕಾನೂನು ಮಾಡಿದ್ದಾರೆ. ಸೇನೆ ಕೆಲಸಕ್ಕೆ ಹೋದವನಿಗೆ, ಒಬ್ಬ ಮಾಲೀಕರ ಕೆಳಗೆ ಒಟ್ಟು ಐದು ವರ್ಷದವರೆಗೆ ಸಾಮಾನ್ಯವಾಗಿ ಕೆಲಸ ಕಾಯ್ದಿಡಬೇಕು. ಬರೀ ಕೆಲಸ ಅಲ್ಲ, ಅವನು ಹೋಗದೇ ಇದ್ದಿದ್ದರೆ ಸೀನಿಯಾರಿಟಿ ಎಲ್ಲಿರುತ್ತಿತ್ತೋ ಅಲ್ಲೇ ತಂದು ಕೂರಿಸಬೇಕು. ಅಲ್ಲಿನ ಪೈಲಟ್‌ಗೆ ಸೀನಿಯಾರಿಟಿಯೇ ಸರ್ವಸ್ವ. ಯಾವ ವಿಮಾನ, ಯಾವ ಊರು, ಯಾವ ಭಾನುವಾರ ರಜೆ ಎಲ್ಲ ಅದರ ಮೇಲೇ ನಿಂತಿದೆ. ಅಲ್ಲೂ ಜಗಳ ಇಲ್ಲದಿಲ್ಲ, ಕೋರ್ಟಿಗೆ ಹೋದವರೂ ಇದ್ದಾರೆ. ಆದರೆ ಕೋರ್ಟಿಗೆ ಹೋಗೋಕೆ ಕೈಯಲ್ಲಿ ಒಂದು ಗಟ್ಟಿ ಕಾಗದ ಇದೆ.

ನಮ್ಮಲ್ಲಿ ಈ ವಿಷಯ ಬಂದರೆ ಜನ ತಕ್ಷಣ ಧೋನಿ ಹೆಸರು ಹೇಳುತ್ತಾರೆ. 2011ರಲ್ಲಿ ಅವರಿಗೆ ಟೆರಿಟೋರಿಯಲ್ ಆರ್ಮಿಯಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ ಕೊಟ್ಟರು, 2019ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸ ಬಿಟ್ಟು ಕಾಶ್ಮೀರದಲ್ಲಿ ತಮ್ಮ ಬೆಟಾಲಿಯನ್ ಜೊತೆ ಇದ್ದು ಬಂದರು. ಸಂತೋಷ. ಧೋನಿ ರಜೆ ಕೇಳಿದರೆ ಇಲ್ಲ ಅನ್ನೋ ಧೈರ್ಯ ಯಾರಿಗಿದೆ? ಸಂಬಳಕ್ಕೆ ದುಡಿಯೋ ಹುಡುಗನ ಕಥೆ ಹೇಳೋಕೆ ಅದು ಉದಾಹರಣೆ ಆಗಲ್ಲ. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಹೆಸರನ್ನೂ ಹೇಳುವವರಿದ್ದಾರೆ. 1971ರ ಯುದ್ಧ ನೋಡಿದವರು, ಸೇನೆ ಬಿಟ್ಟು ಬಂದು ಜಾವಗಲ್ ಕಡೆ ರೇಷ್ಮೆ ಬೆಳೆದು, 2003ರಲ್ಲಿ ಏರ್ ಡೆಕ್ಕನ್ ಹಾರಿಸಿದರು. ಹಾಸನದವರಾಗಿ ನಮಗೆ ಹೆಮ್ಮೆ. ಆದರೆ ಅವರು ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋದರು. ಎರಡನ್ನೂ ಒಟ್ಟಿಗೆ ಮಾಡುವವರಿಗೆ ದಾರಿ ಬೇಕಲ್ಲ.

ಹಾಗಂತ ಕಂಪನಿಯವರನ್ನು ಸುಮ್ನೆ ಬೈಯೋದೂ ತಪ್ಪು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿದ ಹೊಸ ಡ್ಯೂಟಿ ನಿಯಮಗಳು ಬಂದ ಮೇಲೆ, 2025ರ ಡಿಸೆಂಬರ್‌ನಲ್ಲಿ ಸಾವಿರಾರು ವಿಮಾನ ರದ್ದಾಗಿ ಜನ ಏರ್‌ಪೋರ್ಟ್‌ನಲ್ಲೇ ಮಲಗಿದ್ದನ್ನು ಎಲ್ಲರೂ ನೋಡಿದ್ದೇವೆ. ಇರುವ ಪೈಲಟ್‌ಗಳನ್ನೇ ಎಳೆದಾಡಿ ರೋಸ್ಟರ್ ಹೊಂದಿಸುವವರಿಗೆ ಎರಡು ತಿಂಗಳ ರಜೆ ಅಂದರೆ ಎದೆ ಧಸಕ್ ಅನ್ನೋದು ಸಹಜ. ಅದಕ್ಕೇ ಇದು ಒಬ್ಬ ಮ್ಯಾನೇಜರ್ ದೊಡ್ಡ ಮನಸ್ಸು ಮಾಡಿ ಬಗೆಹರಿಸುವ ವಿಷಯ ಆಗಬಾರದು. ಒಳ್ಳೆಯ ಮ್ಯಾನೇಜರ್ ಒಪ್ಪುತ್ತಾನೆ, ಅವನಿಗೆ ವರ್ಗ ಆದ ಮೇಲೆ ಬಂದವನು ಒಪ್ಪಲ್ಲ. ನಿಯಮವೇ ಬೇಕು, ಅದೂ ರೋಸ್ಟರ್ ನಿಯಮದ ಒಳಗೇ ಬರಬೇಕು. ಕ್ಯಾಂಪ್ ತಾರೀಕನ್ನು ಯೂನಿಟ್‌ನವರು ಕನಿಷ್ಠ ಮೂರು ತಿಂಗಳು ಮುಂಚೆ ಬರೆದು ತಿಳಿಸಲಿ. ಕಂಪನಿಯವರು ಆ ದಿನಗಳನ್ನು ಪೈಲಟ್‌ನ ಸ್ವಂತ ರಜೆಯಲ್ಲಿ ಕಳೆಯದೆ ಬೇರೆಯಾಗಿ ತೋರಿಸಲಿ. ಎರಡು ತಿಂಗಳನ್ನು ಒಂದೇ ಸಲ ಕೊಡೋಕೆ ಆಗದಿದ್ದರೆ ಎರಡು ಕಂತು ಮಾಡೋಕೆ ಯೂನಿಟ್ ಕೂಡ ಸ್ವಲ್ಪ ಬಗ್ಗಲಿ. ವಾಪಸ್ ಬಂದವನ ಸಿಮ್ಯುಲೇಟರ್ ಖರ್ಚಿನಲ್ಲಿ ರಕ್ಷಣಾ ಇಲಾಖೆ ಪಾಲು ಹಾಕಲಿ. ಅಮೆರಿಕದ ಹಾಗೆ ಹುದ್ದೆಯ ಸಾಲಿನಲ್ಲಿ ಅವನ ಜಾಗ ಹಾಗೇ ಇರಲಿ. ಇನ್ನೊಂದು ಮಾತು, ಇದು ಸುರಕ್ಷತೆಯದ್ದು: ಕ್ಯಾಂಪಿನಿಂದ ಎರಡು ರಾತ್ರಿ ರೈಲಿನಲ್ಲಿ ಕೂತು ಬಂದವನನ್ನು ಮಾರನೇ ಬೆಳಗಿನ ವಿಮಾನಕ್ಕೆ ಹಾಕಬಾರದು. ಸೇನೆಯ ದಣಿವೂ ದಣಿವೇ, ಅದಕ್ಕೂ ವಿಶ್ರಾಂತಿಯ ಲೆಕ್ಕ ಇರಬೇಕು.

ಇದೆಲ್ಲ ಆಗದ ಮಾತು ಅನ್ನುವವರಿಗೆ ಒಂದು ವಿಷಯ. ರೈಲ್ವೆಯವರಿಗೆ, ತೈಲ ಕಂಪನಿಗಳವರಿಗೆ ಟೆರಿಟೋರಿಯಲ್ ಆರ್ಮಿಯಲ್ಲಿ ಇಲಾಖೆಯ ಹೆಸರಲ್ಲೇ ಯೂನಿಟ್‌ಗಳಿವೆ. ಅಲ್ಲಿ ನೌಕರ ತನ್ನ ಕಸುಬನ್ನೇ ಸಮವಸ್ತ್ರ ಹಾಕಿ ಮಾಡುತ್ತಾನೆ, ಮಾಲೀಕರಿಗೂ ಸೇನೆಗೂ ಮೊದಲೇ ಒಪ್ಪಂದ ಆಗಿರುತ್ತದೆ. ವಿಮಾನದವರಿಗೆ ಯಾಕಿಲ್ಲ? ನೂರಾರು ಜನರನ್ನು ಕೂರಿಸಿಕೊಂಡು ಮಂಜಿನಲ್ಲಿ ವಿಮಾನ ಇಳಿಸುವ ಹುಡುಗನನ್ನು ಕರೆದು ಬರೀ ರೈಫಲ್ ಕೊಟ್ಟು ಕಾವಲು ನಿಲ್ಲಿಸೋದು ನನ್ನ ಪ್ರಕಾರ ವ್ಯರ್ಥ. ಇದನ್ನು ರೈಫಲ್ ಹಿಡಿದು ನಿಂತವನೇ ಹೇಳ್ತಾ ಇದ್ದೇನೆ. ವಾಯುಸೇನೆಗೂ 1952ರಲ್ಲೇ ರಿಸರ್ವ್ ಮತ್ತು ಆಕ್ಸಿಲಿಯರಿ (ಮೀಸಲು ಮತ್ತು ಸಹಾಯಕ) ಏರ್‌ಫೋರ್ಸ್ ಕಾಯ್ದೆ ಮಾಡಿದ್ದರು. ಆಗ ಕೆಲವು ದೊಡ್ಡ ನಗರಗಳಲ್ಲಿ ಸಾಮಾನ್ಯ ನೌಕರಿಯವರು ಬಿಡುವಿನಲ್ಲಿ ಬಂದು ಹಾರಾಟ ಕಲಿಯುವ ಸ್ಕ್ವಾಡ್ರನ್‌ಗಳೂ ಇದ್ದವು, ಆಮೇಲೆ ಅವು ನಿಂತು ಹೋದವು. ಈಗ ದೇಶದಲ್ಲಿ ಪೈಲಟ್‌ಗಳಿದ್ದಾರೆ, ಸರಕು ವಿಮಾನ ಇದೆ, ಸಾಗಣೆ ಕೆಲಸ ಬೇಕಾದಷ್ಟಿದೆ. ಆ ಹಳೇ ಕಾಯ್ದೆಯ ಧೂಳು ಕೊಡವಿದರೆ ಆಯ್ತು.

ಅಳಿಯ ಇನ್ನೂ ಅರ್ಜಿ ಹಾಕಿಲ್ಲ. 42 ವಯಸ್ಸಿನವರೆಗೂ ಅವಕಾಶ ಇದೆ, ನೋಡೋಣ ಮಾವ ಅಂತಾನೆ. ಅವನ ಜೊತೆಯ ಇನ್ನಿಬ್ಬರು ಹುಡುಗರೂ ಹೀಗೇ ನೋಡ್ತಾ ಕೂತಿದ್ದಾರಂತೆ. ಹಾಸನದ ಬೂವನಹಳ್ಳಿ ಏರ್‌ಪೋರ್ಟ್ ಯಾವಾಗ ಮುಗಿಯುತ್ತೆ ಅಂತ ನಮ್ಮ ಭಾಗದ ಸಂಸದರು ಕೇಳುತ್ತಲೇ ಇರುತ್ತಾರೆ, ಕೇಳಲಿ. ಹಾಗೇ ಮುಂದಿನ ಅಧಿವೇಶನದಲ್ಲಿ ರಕ್ಷಣಾ ಸಚಿವರಿಗೂ ವಿಮಾನಯಾನ ಸಚಿವರಿಗೂ ಇದೊಂದು ಪ್ರಶ್ನೆ ಕಳಿಸಿ, ಆ ಸಾವಿರ ರೂಪಾಯಿ ದಂಡವನ್ನು ಯಾವಾಗ ತಿದ್ದುತ್ತೀರಿ ಅಂತ ಲಿಖಿತ ಉತ್ತರ ತರಿಸಿದರೆ ಉಪಕಾರ.

– ಒಬ್ಬ ನಿವೃತ್ತ ಸುಬೇದಾರ್, ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ