ಕೊಯ್ಯದೆ ಕಳಿಸಿದ ಎಲ್ಲರಿಗೂ ನಮಸ್ಕಾರ

ಕಿವಿ-ಮೂಗು-ಗಂಟಲು ಸರ್ಜನ್, ಸೋನೋಗ್ರಫಿ ಮಾಡುವವರು, ಪೆಥಾಲಜಿಯವರು ಒಂದೇ ಟೇಬಲ್ಲಿಗೆ ಕೂತು ಕುತ್ತಿಗೆ ಗಂಟುಗಳನ್ನು ನೋಡುವ ಪದ್ಧತಿ ಹುಬ್ಬಳ್ಳಿಯಲ್ಲಿ ಶುರುವಾಗಿ ಒಂದು ವರ್ಷವಾಯಿತು. ಶಾಲು, ಹಾರ, ಭಾಷಣ ಏನೂ ಇಟ್ಟುಕೊಂಡಿಲ್ಲ. ಹುಟ್ಟಿನಿಂದಲೇ ಉಳಿದುಬಂದ ಸಿಸ್ಟುಗಳ (ದ್ರವ ತುಂಬಿದ ಚೀಲದಂಥ ಗಂಟುಗಳ) ಪತ್ತೆ ಅರ್ಧಕ್ಕರ್ಧ ರೋಗಿ ನಮ್ಮ ಬಾಗಿಲಿಗೆ ಬರುವ ಮೊದಲೇ ಆಗಿರುತ್ತದೆ, ಇಲ್ಲವೇ ಕೆಟ್ಟಿರುತ್ತದೆ. ಅದು ಕೆಡದಂತೆ ನೋಡಿಕೊಂಡವರಿಗೆ ಈ ಬರಹ.

ಮೊದಲ ನಮಸ್ಕಾರ ರೋಣ, ಮುಂಡರಗಿ, ಹಾನಗಲ್ಲ, ಸವಣೂರು, ಕಲಘಟಗಿ ಕಡೆಯ ವೈದ್ಯರಿಗೆ. ಗಂಟು ಕೆಂಪಾಗಿ ಕೀವು ತುಂಬಿಕೊಂಡಾಗ ಬ್ಲೇಡ್ ಹಿಡಿಯದೆ ಆ್ಯಂಟಿಬಯೋಟಿಕ್ ಕೊಟ್ಟಿರಿ, ತೀರಾ ಬಿಗಿದಿದ್ದರೆ ಸೂಜಿಯಿಂದ ಎಳೆದಿರಿ. ಸೀಳಿದರೆ ಅಂದಿನ ನೋವು ಇಳಿಯುತ್ತದೆ, ನಿಜ. ಆದರೆ ಸಿಸ್ಟಿನ ಗೋಡೆ ಒಳಗೇ ಉಳಿದು ಸೋರುವ ತೂತಾಗುತ್ತದೆ, ಸುತ್ತಲಿನ ಪದರಗಳೆಲ್ಲ ಗಾಯದ ಕಲೆಯಲ್ಲಿ ಒಂದಕ್ಕೊಂದು ಅಂಟುತ್ತವೆ. ಆಮೇಲೆ ಸ್ಕ್ಯಾನಿನಲ್ಲೂ ದಾರಿ ಕಾಣದು, ಆಪರೇಷನ್ನಿನಲ್ಲೂ ಕಾಣದು. ಮತ್ತೆ ಮತ್ತೆ ಮರುಕಳಿಸುವ ಕೇಸುಗಳ ಹಿಂದೆ ಇಂಥ ಒಂದು ಹಳೆ ಕೊಯ್ತ ಇರುವುದು ಅಪರೂಪವಲ್ಲ.

ನಿಮ್ಮ ಚೀಟಿಯಲ್ಲಿದ್ದ ಒಂದು ಸಾಲಿಗೂ ಋಣಿಗಳು: 'ನಡುವೆ ಇದೆ, ನುಂಗಿದರೂ ಏರುತ್ತದೆ, ನಾಲಿಗೆ ಚಾಚಿದರೂ ಏರುತ್ತದೆ.' ಈ ಪರೀಕ್ಷೆಗೆ ಬಾಯಿ ಅರ್ಧ ತೆರೆಸಿ, ದವಡೆ ಅಲ್ಲಾಡದಂತೆ ಇರಿಸಿ, ಗಂಟನ್ನು ಎರಡು ಬೆರಳಲ್ಲಿ ಹಿಡಿದು, ಆಮೇಲೆ ನಾಲಿಗೆ ಹೊರಗೆ ಹಾಕಿಸಬೇಕು. ಗಂಟು ಮೇಲಕ್ಕೆ ಜಗ್ಗಿದರೆ ಅದು ಗಂಟಲಿನ ಮೇಲ್ಭಾಗದ ಹಯಾಯ್ಡ್ ಎಲುಬಿಗೂ ನಾಲಿಗೆಯ ಬುಡಕ್ಕೂ ಕಟ್ಟಿಕೊಂಡಿದೆ ಎಂದರ್ಥ. ಥೈರೋಗ್ಲಾಸಲ್ ಸಿಸ್ಟ್ ಇರಬಹುದು, ಅಂದರೆ ಗರ್ಭದಲ್ಲಿ ಥೈರಾಯ್ಡ್ ನಾಲಿಗೆ ಬುಡದಿಂದ ಇಳಿದ ದಾರಿ ಮುಚ್ಚದೆ ಉಳಿದು ಆದ ಸಿಸ್ಟು. ಥೈರಾಯ್ಡಿನ ಗಡ್ಡೆ ನುಂಗಿದಾಗ ಮಾತ್ರ ಏರುತ್ತದೆ. ಡರ್ಮಾಯ್ಡ್ (ಒಳಗೆ ಸಿಕ್ಕಿಕೊಂಡ ಚರ್ಮದ ಪದರದಿಂದಾದ ಸಿಸ್ಟ್) ಸಾಮಾನ್ಯವಾಗಿ ನಾಲಿಗೆಯ ಜೊತೆ ಅಲುಗುವುದಿಲ್ಲ. ಮೂರು ವರ್ಷದ ಕೂಸಿಗೆ 'ನಾಲಿಗೆ ಹಾಕು' ಎಂದರೆ ಅದು ಅಳುತ್ತದೆ. ಅಳುವಾಗಲೂ ನೋಡಿಕೊಳ್ಳಬಹುದು, ಚಾಕಲೇಟ್ ತೋರಿಸಿದರೆ ಇನ್ನೂ ಸಲೀಸು.

ಸೋನೋಗ್ರಫಿ ಕೇಂದ್ರಗಳಿಗೆ ವಿಶೇಷ ಧನ್ಯವಾದ, ಅದೂ ಒಂದೇ ಒಂದು ವಾಕ್ಯಕ್ಕೆ: 'ಥೈರಾಯ್ಡ್ ತನ್ನ ಜಾಗದಲ್ಲಿದೆ, ಎರಡೂ ಹಾಲೆ ಸಹಜ.' ನಡುಗಂಟೆಂದು ತೆಗೆದದ್ದೇ ಆ ಮಗುವಿನ ಏಕೈಕ ಥೈರಾಯ್ಡ್ ಆಗಿಬಿಟ್ಟರೆ ಜೀವನವಿಡೀ ಗುಳಿಗೆಯೇ ಗತಿ. ಜಾಗದಲ್ಲಿ ಗ್ರಂಥಿ ಕಾಣದಿದ್ದರೆ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ, ಥೈರಾಯ್ಡ್ ಎಲ್ಲಿದೆಯೆಂದು ತೋರಿಸುವ ಟೆಕ್ನೀಶಿಯಂ ಸ್ಕ್ಯಾನ್ ಆಗುವವರೆಗೆ ಚಾಕು ಮುಟ್ಟಬಾರದು. ಇನ್ನೊಂದು ಮಾತು: ಒಳಗಿನ ದ್ರವದಲ್ಲಿ ಪ್ರೋಟೀನ್ ಜಾಸ್ತಿಯಿದ್ದರೆ ಸಿಸ್ಟ್ ತೆರೆಯ ಮೇಲೆ ಗಟ್ಟಿ ಗಡ್ಡೆಯಂತೆ ಕಾಣುತ್ತದೆ. ಪ್ರೋಬನ್ನು ಮೆಲ್ಲಗೆ ಒತ್ತಿ ಬಿಟ್ಟರೆ ಕಣಗಳು ಸುಳಿಯುತ್ತವೆ, ಡಾಪ್ಲರ್‌ನಲ್ಲಿ ಒಳಗೆ ರಕ್ತ ಹರಿಯುವುದಿಲ್ಲ. ಅವಸರದಲ್ಲಿ 'ಸಾಲಿಡ್' ಎಂದು ಬರೆಯದೆ ಹತ್ತು ಸೆಕೆಂಡ್ ಒತ್ತಿ ನೋಡಿದವರು ನೀವು.

ಕುತ್ತಿಗೆಯ ಪಕ್ಕದ ಗಂಟಿನಲ್ಲಿ ನಮ್ಮ ಸೀಮೆಯ ದೊಡ್ಡ ಗೊಂದಲ ಟಿಬಿಯದು. ಪಕ್ಕದ ದಪ್ಪ ಸ್ನಾಯುವಿನ ಮುಂದಿನ ಅಂಚಿನಲ್ಲಿ, ದವಡೆಯ ಮೂಲೆಗಿಂತ ಸ್ವಲ್ಪ ಕೆಳಗೆ, ನೆಗಡಿ ಬಂದಾಗಲೆಲ್ಲ ಊದುವ ಮೆತ್ತನೆ ಗಂಟು ಹರೆಯದವರಲ್ಲಿ ಎರಡನೇ ಬ್ರಾಂಕಿಯಲ್ ಸಿಸ್ಟ್ (ಭ್ರೂಣದ ಕುತ್ತಿಗೆಯಲ್ಲಿ ಮೂಡುವ ಸೀಳುಗಳಲ್ಲಿ ಎರಡನೆಯದು ಪೂರ್ತಿ ಮುಚ್ಚದೆ ಉಳಿದ ಚೀಲ) ಇರಬಹುದು, ಟಿಬಿಯ ಗ್ರಂಥಿ ಕರಗಿದ್ದೂ ಇರಬಹುದು. ನೋಡಿದ ಮಾತ್ರಕ್ಕೆ ಆರು ತಿಂಗಳ ಗುಳಿಗೆ ಶುರುಮಾಡದೆ ಸೂಜಿ ಪರೀಕ್ಷೆಗೆ ಕಳಿಸಿದಿರಿ. ಲ್ಯಾಬ್ ಟೆಕ್ನೀಶಿಯನ್‌ಗಳ ಕೆಲಸ ಇಲ್ಲಿ ಕಣ್ಣಿಗೆ ಬೀಳುವುದಿಲ್ಲ, ಆದರೆ ಎಲ್ಲವೂ ಅವರ ಕೈಯಲ್ಲಿದೆ. ಸಿರಿಂಜನ್ನು ಬೆಳಕಿಗೆ ಹಿಡಿದಾಗ ಒಣಹುಲ್ಲಿನ ಬಣ್ಣದ ದ್ರವದಲ್ಲಿ ಸಣ್ಣಗೆ ಮಿನುಗುವುದು ಕೊಲೆಸ್ಟರಾಲ್ ಹರಳು. ಅದು ಬ್ರಾಂಕಿಯಲ್ ಸಿಸ್ಟಿನ ಕಡೆಗೆ ಬೊಟ್ಟು ಮಾಡುತ್ತದೆ. 23 ಗೇಜ್ ಸೂಜಿಯಿಂದ ಬಾರದಷ್ಟು ಮಂದವಾಗಿದ್ದರೆ ಅದಕ್ಕಿಂತ ದಪ್ಪದ 18 ಗೇಜ್ ಬೇಕು. ದ್ರವ ಖಾಲಿಯಾದ ಮೇಲೆ ಗೋಡೆಯಿಂದ ಇನ್ನೊಮ್ಮೆ ಎಳೆಯಬೇಕು, ಜೀವಕೋಶ ಇರುವುದು ಅಲ್ಲಿ. ಕೆಲವು ಸ್ಲೈಡು ಆಲ್ಕೋಹಾಲಿಗೆ, ಕೆಲವು ಗಾಳಿಗೆ ಒಣಗಲು. ಟಿಬಿ ರೋಗಾಣುವನ್ನು ಹುಡುಕುವ ಸಿಬಿನ್ಯಾಟ್ ಪರೀಕ್ಷೆಗೆ ಕೊಡುವ ಪಾಲು ಬರಿಯ ಸ್ಟೆರೈಲ್ ಡಬ್ಬಿಯಲ್ಲಿ ಹೋಗಬೇಕು. ಫಾರ್ಮಲಿನ್ ಸುರಿದರೆ ಅಲ್ಲಿಗೆ ಮುಗಿಯಿತು. ಬರೀ ದ್ರವ ಬಂದು ಜೀವಕೋಶ ಸಿಗದಿದ್ದಾಗ 'ನೆಗೆಟಿವ್' ಎನ್ನದೆ 'ಸಾಲದು, ಮತ್ತೊಮ್ಮೆ ಕಳಿಸಿ' ಎಂದು ಬರೆದ ಪೆಥಾಲಜಿಸ್ಟರಿಗೆ ನಮ್ಮ ಕೈ ಮುಗಿದಿದೆ.

40 ದಾಟಿದವರಲ್ಲಿ ಹೊಸದಾಗಿ ಇಂಥ ನೀರುಗಂಟು ಬಂದರೆ, ಅಲ್ಲವೆಂದು ಸಾಬೀತಾಗುವವರೆಗೆ ಕ್ಯಾನ್ಸರ್ ಎಂದೇ ಹಿಡಿಯಬೇಕು. ಗುಟ್ಕಾ, ತಂಬಾಕಿನ ಸೀಮೆ ನಮ್ಮದು. ಆದರೆ ಟಾನ್ಸಿಲ್ ಮತ್ತು ನಾಲಿಗೆ ಬುಡದ, ಎಚ್‌ಪಿವಿ ಎಂಬ ವೈರಸ್ಸಿನಿಂದ ಬರುವ ಕ್ಯಾನ್ಸರ್ ತಂಬಾಕು ಮುಟ್ಟದವರಲ್ಲೂ ಹೀಗೆಯೇ ನೀರುಗಂಟಾಗಿ ಮೊದಲು ಕಾಣಿಸುತ್ತದೆ. ಥೈರಾಯ್ಡಿನ ಪ್ಯಾಪಿಲರಿ ಕ್ಯಾನ್ಸರ್ ಕೂಡ ಅಷ್ಟೆ; ಅದಕ್ಕೆ ಸೂಜಿ ತೊಳೆದ ನೀರಿನಲ್ಲಿ ಥೈರಾಯ್ಡ್ ಜೀವಕೋಶಗಳು ತಯಾರಿಸುವ ಥೈರೋಗ್ಲಾಬ್ಯುಲಿನ್ ಎಂಬ ಪ್ರೋಟೀನ್ ನೋಡಿಸುವುದು.

ಅಪರೂಪದವುಗಳಲ್ಲಿ ಹೆಚ್ಚು ಕಾಡುವುದು ಭ್ರೂಣದ ಆ ಸೀಳುಗಳಲ್ಲಿ ಮೂರನೇ-ನಾಲ್ಕನೆಯದರ ದೋಷ. ಮಗುವಿಗೆ ಕುತ್ತಿಗೆಯ ಎಡಭಾಗದಲ್ಲಿ, ಕೆಳಗೆ, ಥೈರಾಯ್ಡಿನ ಸುತ್ತ ಕೀವು ಮರುಕಳಿಸುತ್ತಿದ್ದರೆ ಗಂಟಲೊಳಗೆ ಧ್ವನಿಪೆಟ್ಟಿಗೆಯ ಪಕ್ಕದ ಗುಳಿಯಾದ ಪೈರಿಫಾರ್ಮ್ ಸೈನಸ್‌ನಲ್ಲಿ ಒಂದು ತೂತು ಇದೆಯೇ ಎಂದು ಹುಡುಕಬೇಕು. ಬೇರಿಯಂ ನುಂಗಿಸುವ ಎಕ್ಸ್‌ರೇಯನ್ನು ಬಾವು ಇರುವಾಗಲೇ ಮಾಡಿದರೆ ದಾರಿ ಮುಚ್ಚಿಕೊಂಡು ಏನೂ ಇಲ್ಲವೆಂದು ಬರುತ್ತದೆ. ಸೋಂಕು ಇಳಿದು 6-8 ವಾರ ಬಿಡಬೇಕು. ಮಗು ಆರಾಮಾಗಿ ಆಡುತ್ತಿರುವಾಗ ಮತ್ತೆ ಬಸ್ ಹತ್ತಿ ಬರುವುದು ಯಾರಿಗೂ ಮನಸ್ಸಿಲ್ಲದ ಕೆಲಸ. ಆ ವಾರ ಲೆಕ್ಕಹಾಕಿ ಮನೆಮನೆಗೆ ಹೋಗಿ ನೆನಪಿಸಿದ ಆಶಾ ಅಕ್ಕಂದಿರಿಲ್ಲದೆ ಈ ರೋಗ ಪತ್ತೆಯಾಗುತ್ತಿರಲಿಲ್ಲ. ಕೊನೆಯ ಖಾತ್ರಿಗೆ ಅರಿವಳಿಕೆಯಲ್ಲಿ ದುರ್ಬೀನು ಹಾಕಿ ನೋಡಬೇಕು. ಚಿಕ್ಕ ಮಕ್ಕಳ ಉಸಿರಿನ ದಾರಿಯನ್ನು ನಮ್ಮ ಜೊತೆ ಹಂಚಿಕೊಂಡ ಅರಿವಳಿಕೆ ತಜ್ಞರಿಗೂ ಶರಣು.

ಕಿವಿ ಸೋರುವುದೂ ದವಡೆ ಮೂಲೆಯ ಗಂಟೂ ಒಂದೇ ಮಗುವಿನಲ್ಲಿದ್ದರೆ ಮೊದಲ ಸೀಳಿನ ಸಿಸ್ಟ್ ನೆನಪಾಗಬೇಕು, ಮುಖದ ನರ ಪಕ್ಕದಲ್ಲೇ ಹಾದಿರುತ್ತದೆ. ಎದೆಯ ಮೇಲ್ಭಾಗದ ಥೈಮಸ್ ಗ್ರಂಥಿಗೆ ಸೇರಿದ ಥೈಮಿಕ್ ಸಿಸ್ಟ್ ಎದೆಯೊಳಗೂ ಇಳಿದಿರಬಹುದು, ಹಾಗಾಗಿ ಸ್ಕ್ಯಾನ್ ಕುತ್ತಿಗೆಗೇ ನಿಲ್ಲಬಾರದು. ಹಸುಗೂಸಿನ ಗಂಟಿಗೆ ಟಾರ್ಚ್ ಹಿಡಿದಾಗ ಒಳಗೆಲ್ಲ ಬೆಳಗಿದರೆ ಅದು ಲಿಂಫ್ ದ್ರವ ತುಂಬಿದ ಚೀಲಗಳ ಗಂಟಿರಬಹುದು. ಇದ್ದಕ್ಕಿದ್ದಂತೆ ಉಬ್ಬಿ ಉಸಿರು ಕಟ್ಟಿದರೆ ಒಂದು ಗಂಟೆಯೂ ಕಾಯಬೇಡಿ.

ಆಪರೇಷನ್ ಆದಮೇಲಿನ ಲ್ಯಾಬ್ ಕೆಲಸಕ್ಕೂ ಒಂದು ಮಾತು. 1920ರಲ್ಲಿ ಸಿಸ್ಟ್ರಂಕ್ ವಿವರಿಸಿದ ಶಸ್ತ್ರಕ್ರಿಯೆಯಲ್ಲಿ ಸಿಸ್ಟಿನ ಜೊತೆ ಹಯಾಯ್ಡಿನ ನಡುಭಾಗವೂ ಬರುತ್ತದೆ. ಸ್ಲೈಡಿಗೆ ತೆಳುವಾಗಿ ಕತ್ತರಿಸುವ ಮೊದಲು ಎಲುಬನ್ನು ಮೆದುಮಾಡಲು ದಿನಗಳು ಬೇಕು. ರಿಪೋರ್ಟ್ ಯಾಕೆ ತಡವೆಂದು ಕೌಂಟರಿನಲ್ಲಿ ಬೈಸಿಕೊಂಡವರು ಟೆಕ್ನೀಶಿಯನ್ನರೇ.

ಇನ್ನು ಮನೆಯವರಿಗೆ. ಬರೆ ಹಾಕಿಸದೆ, ಲೇಪ ಹಚ್ಚಿಸದೆ ಕರೆತಂದಿರಿ. ಗಂಟು ಊದಿದ ದಿನ ಮೊಬೈಲಿನಲ್ಲಿ ತೆಗೆದ ಫೋಟೋ, ಹಳೆ ಸ್ಲೈಡು, ಹಳೆ ಆಪರೇಷನ್ ಚೀಟಿ ಎಲ್ಲ ಒಂದೇ ಕ್ಯಾರಿಬ್ಯಾಗಿನಲ್ಲಿ ತಂದಿರಿ. ಮುಂದೆಯೂ ಹಾಗೇ ತನ್ನಿ. ಆಯುಷ್ಮಾನ್ ಕಾರ್ಡಿನ ಜೊತೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮರೆಯಬೇಡಿ.