ಮಕ್ಕಳ ಅಲರ್ಜಿ ಶಾಲೆಯ ದಾಖಲೆಗೂ ಬರಲಿ

ಮಾನ್ಯ ಸಂಪಾದಕರೇ,

ಮಗುವನ್ನು ಶಾಲೆಗೆ ಸೇರಿಸಿಕೊಳ್ಳುವಾಗ ಜಾತಿ, ಆದಾಯ, ಆಧಾರ್ ಸಂಖ್ಯೆ ಎಲ್ಲವನ್ನೂ ಬರೆದುಕೊಳ್ಳುವ ನಾವು, ಯಾವ ಆಹಾರ ಅಥವಾ ಔಷಧ ಆ ಮಗುವಿಗೆ ಆಗಿಬರುವುದಿಲ್ಲ ಎಂದು ಕೇಳಿದ್ದನ್ನು ನಾನು ಕೆಲಸ ಮಾಡಿದ ಯಾವ ಶಾಲೆಯಲ್ಲೂ ಕಂಡಿಲ್ಲ. ಬಿಸಿಯೂಟ, ಹಾಲು, ಮೊಟ್ಟೆಗಳನ್ನು ಶಾಲೆಯಲ್ಲೇ ಕೊಡುವ ನಮ್ಮ ರಾಜ್ಯದಲ್ಲಿ ಇದು ಸಣ್ಣ ಲೋಪವಲ್ಲ.

ನಮ್ಮ ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಬೀಳದ ಅಡುಗೆಯೇ ಕಡಿಮೆ. ಕೆಲವು ವರ್ಷಗಳ ಹಿಂದೆ ಎರಡನೇ ತರಗತಿಯ ಹುಡುಗಿಯೊಬ್ಬಳು ಗೆಳತಿ ಕೊಟ್ಟ ಶೇಂಗಾ ಉಂಡೆಯನ್ನು ಅರ್ಧ ತಿಂದಿದ್ದಳು, ಅಷ್ಟರಲ್ಲೇ ಕತ್ತು ಕೆರೆದುಕೊಳ್ಳತೊಡಗಿದಳು. ನೋಡನೋಡುತ್ತಿದ್ದಂತೆ ತುಟಿ ಊದಿತು, ಮೈಮೇಲೆ ಗಂದೆಗಳೆದ್ದವು, ವಾಂತಿಯಾಗಿ ದನಿ ಒಡೆಯಿತು. ಪಿತ್ತವೆಂದುಕೊಂಡ ಹಿರಿಯರೊಬ್ಬರು ಕಂಬಳಿ ಹೊದಿಸಲು ಮುಂದಾದರು. ಪ್ರಾಥಮಿಕ ಆರೋಗ್ಯ ಕೇಂದ್ರ ಹತ್ತಿರವೇ ಇದ್ದುದರಿಂದ ವೈದ್ಯರು ತಡಮಾಡದೆ ತೊಡೆಗೆ ಅಡ್ರಿನಲಿನ್ ಎಂಬ, ತೀವ್ರ ಅಲರ್ಜಿಗೆ ಕೊಡುವ ಚುಚ್ಚುಮದ್ದು ಕೊಟ್ಟರು, ಮಗು ಉಳಿಯಿತು. ಕೇಂದ್ರ ದೂರವಿರುವ ಹಟ್ಟಿಗಳ ಮಕ್ಕಳ ಗತಿಯೇನು ಎಂಬ ಚಿಂತೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಆಹಾರದ ಅಲರ್ಜಿ ಸಾಮಾನ್ಯವಾಗಿ ತಿಂದ ಕೆಲವು ನಿಮಿಷಗಳಿಂದ 2 ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ. ಬರೀ ಗಂದೆ, ತುರಿಕೆ ಇದ್ದರೆ ವೈದ್ಯರು ಹೇಳಿದ ಸೆಟ್ರಿಜಿನ್‌ನಂಥ ಔಷಧ ಸಾಕಾಗಬಹುದು. ಆದರೆ ಗಂದೆಯ ಜೊತೆಗೆ ಉಬ್ಬಸ, ಬಿಡದ ಕೆಮ್ಮು, ದನಿ ಬದಲಾವಣೆ, ಮತ್ತೆ ಮತ್ತೆ ವಾಂತಿ ಅಥವಾ ಮಂಪರು ಸೇರಿದರೆ ಅದು ಜೀವಕ್ಕೇ ಅಪಾಯ. ಅಡ್ರಿನಲಿನ್ ಒಂದೇ ಮೊದಲ ಔಷಧ, ಏವಿಲ್ ಮಾತ್ರೆ ನುಂಗಿಸಿ ಕಾಯುವುದು ತಪ್ಪು. 108ಕ್ಕೆ ಕರೆ ಮಾಡಿ, ಮಗುವನ್ನು ನಡೆಸದೆ ಕಾಲು ಎತ್ತರಿಸಿ ಮಲಗಿಸಬೇಕು, ಉಸಿರಾಟಕ್ಕೆ ಕಷ್ಟವಾಗುತ್ತಿದ್ದರೆ ಕೂರಿಸಬೇಕು. ಚೇತರಿಸಿಕೊಂಡ ಮೇಲೂ ಕೆಲವು ಗಂಟೆಗಳಲ್ಲಿ ಲಕ್ಷಣಗಳು ಮರುಕಳಿಸಬಹುದಾದ್ದರಿಂದ ಆಸ್ಪತ್ರೆಯಲ್ಲಿ ನಿಗಾ ಬೇಕು.

ಇದಕ್ಕೆ ವಿರುದ್ಧವಾದ ತಪ್ಪೂ ಪಟ್ಟಣಗಳಲ್ಲಿ ಹೆಚ್ಚುತ್ತಿದೆ. ಹತ್ತಾರು ಆಹಾರಗಳಿಗೆ ಒಟ್ಟಿಗೇ ರಕ್ತಪರೀಕ್ಷೆ ಮಾಡಿಸಿ, ವರದಿಯಲ್ಲಿ ಕೆಂಪಾಗಿ ಕಂಡದ್ದನ್ನೆಲ್ಲ ನಿಲ್ಲಿಸುವ ಪೋಷಕರಿದ್ದಾರೆ. ರಕ್ತದಲ್ಲಿ ಆ ಆಹಾರದ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ ಕಂಡ ಮಾತ್ರಕ್ಕೆ ಅಲರ್ಜಿಯೆಂದಲ್ಲ. ತಿಂದಾಗ ನಿಜವಾಗಿ ಏನಾಯಿತು ಎಂಬುದೇ ಮುಖ್ಯ. ಹಾಲು ಕುಡಿದರೆ ಹೊಟ್ಟೆಯುಬ್ಬರ ಬರುವುದು ಹಾಲಿನ ಸಕ್ಕರೆ ಜೀರ್ಣವಾಗದ ತೊಂದರೆಯೂ ಆಗಿರಬಹುದು. ಹಾಲು, ಮೊಟ್ಟೆ, ಗೋಧಿಯನ್ನು ಹೀಗೆ ಸುಮ್ಮನೆ ಬಿಡಿಸಿ ಬೆಳೆಯುವ ಮಗುವನ್ನು ಸೊರಗಿಸುವುದು ನನ್ನ ಮಟ್ಟಿಗೆ ಅನ್ಯಾಯ. ಹಾಲು, ಮೊಟ್ಟೆಯ ಅಲರ್ಜಿ ಅನೇಕ ಮಕ್ಕಳಲ್ಲಿ ಬೆಳೆಯುತ್ತಾ ಹೋಗಿಬಿಡುತ್ತದೆ. ಶೇಂಗಾದ್ದು ಹಾಗೆ ಹೋಗುವುದು ಕಡಿಮೆ. ಯಾವುದನ್ನು ಬಿಡಬೇಕು, ಯಾವಾಗ ಮತ್ತೆ ಕೊಡಬೇಕು ಎಂಬುದನ್ನು ಮಕ್ಕಳ ವೈದ್ಯರೇ ನಿರ್ಧರಿಸಲಿ.

ಪೊಟ್ಟಣದ ತಿನಿಸುಗಳಲ್ಲಿ ಹಾಲು, ಮೊಟ್ಟೆ, ಶೇಂಗಾ, ಸೋಯಾ ಮುಂತಾದವು ಇದ್ದರೆ ಅದನ್ನು ನಮೂದಿಸಬೇಕೆಂದು 2020ರ ಆಹಾರ ಸುರಕ್ಷತಾ ಲೇಬಲ್ ನಿಯಮಗಳು ಹೇಳುತ್ತವೆ. ಆದರೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು. ಕನ್ನಡ ಮಾತ್ರ ಓದಬಲ್ಲ ತಾಯಿಗೆ ಆ ಎಚ್ಚರಿಕೆಯಿಂದ ಏನು ಪ್ರಯೋಜನ? ಈ ಒಂದು ಸಾಲಾದರೂ ಕನ್ನಡದಲ್ಲಿ ಇರುವಂತೆ ರಾಜ್ಯ ಸರ್ಕಾರ ಒತ್ತಾಯಿಸಬೇಕು.

ಶಿಕ್ಷಣ ಇಲಾಖೆಯು ದಾಖಲಾತಿ ಅರ್ಜಿಯಲ್ಲಿ ಅಲರ್ಜಿಗೆ ಒಂದು ಅಂಕಣ ಸೇರಿಸಿ, ಅಂಥ ಮಕ್ಕಳ ಹೆಸರು ಬಿಸಿಯೂಟದ ಅಡುಗೆಯವರಿಗೆ ಗೊತ್ತಿರುವಂತೆ ಮಾಡಲಿ. ಶೇಂಗಾ ಹಾಕಿದ ಚಿತ್ರಾನ್ನದ ಸೌಟನ್ನೇ ಬೇರೆ ಪಾತ್ರೆಗೆ ಅದ್ದಬಾರದೆಂಬುದನ್ನೂ ಅವರಿಗೆ ತಿಳಿಸಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆಗೆ ತಪಾಸಣೆಗೆ ಬಂದಾಗ ಇದನ್ನೂ ವಿಚಾರಿಸಿ ಬರೆದುಕೊಳ್ಳಲಿ. ಲಸಿಕೆಯ ನಂತರ ಇಂಥ ತೀವ್ರ ಅಲರ್ಜಿಯಾದರೆ ಅಡ್ರಿನಲಿನ್‌ನ ಮೊದಲ ಡೋಸ್ ಕೊಡಲು ಆರೋಗ್ಯ ಸಹಾಯಕಿಯರಿಗೆ ಅವಕಾಶವಿರುವಾಗ, ತೂಕಕ್ಕೆ ತಕ್ಕ ಪ್ರಮಾಣ ಬರೆದ ಚೀಟಿಯೊಂದಿಗೆ ಈ ಅಗ್ಗದ ಔಷಧವನ್ನು ಉಪಕೇಂದ್ರಗಳಲ್ಲಿ ಶಾಲಾ ಮಕ್ಕಳಿಗಾಗಿಯೂ ಇಡುವುದು ಕಷ್ಟವೇನಲ್ಲ. ಆರೋಗ್ಯ ಮತ್ತು ಶಿಕ್ಷಣ ಇಲಾಖೆಗಳು ಮುಂದಿನ ಶೈಕ್ಷಣಿಕ ವರ್ಷಕ್ಕೆ ಮುನ್ನವೇ ಜಂಟಿಯಾಗಿ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ.

– ಸರ್ಕಾರಿ ಪ್ರಾಥಮಿಕ ಶಾಲಾ ಶಿಕ್ಷಕಿ, ಚಳ್ಳಕೆರೆ ತಾಲ್ಲೂಕು