ಎರಡನೇ ಕಂಟ್ರೋಲರ್ ನೀನು ಹಿಡಿ

ಜಮಖಂಡಿ

ಚಿ. ಸೌ. ಪುಟ್ಟಿಗೆ ಸೋದರಮಾವನ ಆಶೀರ್ವಾದಗಳು.

'ಮಗ ಆಡುವ ಟೆಕ್ಕನ್ ಅನ್ನೋ ಹೊಡೆದಾಟದ ವಿಡಿಯೋ ಗೇಮ್ ಬಂದ್ ಮಾಡಿಸಲೇ ಮಾಮಾ?' ಎಂದು ಫೋನಿನಲ್ಲಿ ಕೇಳಿದ್ದೆ. ಅವಸರ ಮಾಡಬೇಡ. ಬೆಳಗಾವಿಗೆ ಬಂದಾಗ ಎರಡು ದಿನ ಅವನ ಪಕ್ಕದಲ್ಲೇ ಕೂತು ನೋಡಿದ್ದೇನೆ.

ಮೊದಲ ದಿನ ಎಡ್ಡಿ ಅನ್ನುವ ಪಾತ್ರವನ್ನು ಆರಿಸಿಕೊಂಡು, ಸಿಕ್ಕ ಬಟನ್ ಒತ್ತಿ ಓಣಿಯ ಹುಡುಗರನ್ನೆಲ್ಲ ಸೋಲಿಸಿದ. ಟೆಕ್ಕನ್ 3ರಲ್ಲಿ ಎಡ್ಡಿ ಹಾಗೇ. ಸುಮ್ನೆ ಒತ್ತಿದರೂ ಕಾಲು ಚಕ್ರದಂತೆ ತಿರುಗುತ್ತದೆ. ಮರುದಿನ ಅವನ ದೊಡ್ಡಪ್ಪನ ಮಗ ಬಂದ. ಒದೆಗಳನ್ನೆಲ್ಲ ತಡೆದು, ಸಂದು ಸಿಕ್ಕಾಗ ಒಂದೇ ಗುದ್ದು. ನಿನ್ನ ಮಗ ಮೂರು ಸಲ ಸೋತ. ನಾಲ್ಕನೇ ಸಲ ಅವನ ಬೆರಳು ನಿಂತವು. ಎದುರಾಳಿಯನ್ನೇ ನೋಡಿದ, ತಡೆದ, ಆಮೇಲೆ ಹೊಡೆದ. ಮೊದಲು ನೋಡು, ಆಮೇಲೆ ಪಟ್ಟು ಹಾಕು ಅನ್ನುವುದನ್ನು ಕಲಿಸಲು ನಮ್ಮ ಗರಡಿಯಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತದೆ. ಅದನ್ನು ಕಂಡು ನನಗೆ ನಿಜಕ್ಕೂ ಖುಷಿಯಾಯಿತು.

ಐದನೇ ಸಲ ಸೋತಾಗ ಮಾತ್ರ ಕಂಟ್ರೋಲರ್ ಗೋಡೆಗೆ ಎಸೆದ. ನೀನು ಅಡುಗೆಮನೆಯಲ್ಲಿದ್ದೆ. ನನಗೆ ಚಿಂತೆ ಇರುವುದು ಇದರದ್ದೇ. ಕುಸ್ತಿಯಲ್ಲಿ ಬಿದ್ದವನಿಗೆ ಗೆದ್ದವನೇ ಕೈ ಕೊಟ್ಟು ಎಬ್ಬಿಸುತ್ತಾನೆ, ಬೆನ್ನಿನ ಮಣ್ಣು ಒರೆಸುತ್ತಾನೆ. ಪರದೆಯಲ್ಲಿ ಬಿದ್ದವನು ಮುಂದಿನ ಸುತ್ತಿಗೆ ತಾನೇ ಎದ್ದು ನಿಲ್ಲುತ್ತಾನೆ, ಮೈಮೇಲೆ ಒಂದು ಗೀರೂ ಇಲ್ಲ. ಪೆಟ್ಟು ಬಿದ್ದರೆ ನೋಯುತ್ತದೆ ಎಂದು ಆಟ ಹೇಳುವುದಿಲ್ಲ, ನೀನೇ ಹೇಳಬೇಕು.

ಎಲ್ಲ ಹೊಡೆದಾಟದ ಆಟವೂ ಒಂದೇ ಅಲ್ಲ. 1992ರ ಮಾರ್ಟಲ್ ಕಾಂಬ್ಯಾಟ್‌ನಲ್ಲಿ ಸೋತವನ ಎದೆಯಿಂದ ಹೃದಯವನ್ನೇ ಕೀಳುತ್ತಾರೆ. ಇಂಥ ಆಟಗಳ ಬಗ್ಗೆ 1993ರಲ್ಲಿ ಅಮೆರಿಕದ ಸೆನೆಟ್ ವಿಚಾರಣೆ ನಡೆಸಿತು. ಮರುವರ್ಷವೇ ಆಟಗಳಿಗೆ ವಯಸ್ಸಿನ ಗುರುತು ಹಾಕುವ ಪದ್ಧತಿ ಅಲ್ಲಿ ಶುರುವಾಯಿತು. ಮಾರ್ಟಲ್ ಕಾಂಬ್ಯಾಟ್ ನಿಮ್ಮ ಮನೆಗೆ ಬೇಡವೇ ಬೇಡ. ಟೆಕ್ಕನ್ 3ಕ್ಕೂ 'ಟಿ' ಗುರುತಿದೆ, ಅಂದರೆ 13 ತುಂಬಿದವರಿಗೆ. ನಿನ್ನ ಮಗನಿಗೆ ಇನ್ನೂ ಹತ್ತು, ಅಲ್ವಾ? ಅದಕ್ಕೇ ಅವನು ಬಾಗಿಲು ಹಾಕಿಕೊಂಡು ಒಬ್ಬನೇ ಆಡುವುದು ಬೇಡ ಎನ್ನುತ್ತೇನೆ. ರಾತ್ರಿ ಊಟದ ನಂತರವೂ ಬೇಡ, ನಿದ್ದೆ ಕೆಡುತ್ತದೆ.

ಸಂಜೆ ಅರ್ಧ ತಾಸು ನೀನೂ ಆಡು. ಸೋಲುತ್ತೀ, ಸೋಲು. ಸೋತ ಮೇಲೆ ಅವನ ಕೈ ಕುಲುಕು. ಅವನು ಅದನ್ನು ನೋಡಲಿ.

ದಸರಾ ರಜೆಗೆ ಇಲ್ಲಿಗೆ ಕಳಿಸು. ಬೆಳಿಗ್ಗೆ ಗರಡಿಗೆ ಕರೆದುಕೊಂಡು ಹೋಗುತ್ತೇನೆ. ಕಂಟ್ರೋಲರ್ ಎರಡನ್ನೂ ತರಲಿ, ಮಧ್ಯಾಹ್ನ ನನಗೂ ಕಲಿಸಲಿ.

ನಿನ್ನ ಮಾಮಾ